ಬ್ಲೇಡಿಗೆ ತಾಗಿದ್ದು

ಹೈಮಾದಿಂದ ಒಳಗ ತೊಂಬತ್ತು ಕಿಲೋಮೀಟರು.
ಗಿಡ ಇಲ್ಲ. ನೆಳ್ಳಂದ್ರ ನನ್ನ ಗ್ರೇಡರಿಂದು ಒಂದ.
ತೈಲ ಕಂಪನಿ ಹಾದಿ, ತೆರಿ ತೆರಿ ಎದ್ದದ್ದು.
ಕೆರೀತೇನಿ, ತಗ್ಗು ತುಂಬತೇನಿ, ಹೊಳ್ಳಿ ಬರತೇನಿ.

ಚಳಿಗಾಲದ ಒಂದು ಮುಂಜಾನೆ ಬ್ಲೇಡು ಠಣ್ ಅಂತು.

ಕಲ್ಲು ಮಾತಾಡತಾವ. ನಾ ಇಲಕಲ್ಲ ಖಣಿ ದಂಡಿಗೆ ಹುಟ್ಟಿದಾಂವ:
ಕೆಂಪು ಗ್ರಾನೈಟು ಗಂಟಿ ಹಂಗ, ಸುಣ್ಣಗಲ್ಲು ಗಡಗಿ ಹಂಗ,
ಪೊಳ್ಳು ಕಲ್ಲು ಸುಳ್ಳು ಹೇಳವರ ಹಂಗ ಕೆಮ್ಮತೈತಿ.
ಇದು ಯಾವ ದನೀನೂ ಅಲ್ಲ.
ಇಳಿದು ನೋಡಿದೆ. ಕರೀ ಸಿಪ್ಪಿ, ಒಳಗ ಬೂದಿ ಬಣ್ಣ,
ಬೂದಿಯೊಳಗ ಬಿಳೀ ಚೂರು,
ಅಳ್ಳಿಟ್ಟಿನ ಉಂಡಿಯೊಳಗ ಕೊಬ್ಬರಿ ಕಂಡಂಗ.

ಟೆಂಟಿನ ಹುಡುಗಿ ರಯ್ಯಾ, ನಿಜ್ವಾದಾಕಿ, ಕಲ್ಲು ಓದಾಕಿ,
ಭೂತಗನ್ನಡಿ ಹಿಡದು ಭಾಳ ಹೊತ್ತು ಉಸಿರು ಬಿಡಲಿಲ್ಲ.
ಆಮ್ಯಾಲೆ ಹಗಲ ಚಂದ್ರನ ಕಡೆ ಬಟ್ಟು ಮಾಡಿದಳು.
ನಂದು ಅರ್ಧ ಹಿಂದಿ, ಆಕೀದು ಅರ್ಧ,
ಎರಡೂ ಕೂಡಿದ್ರೂ ಪೂರಾ ಆಗಲಿಲ್ಲ.
ತಿಳಿದದ್ದಿಷ್ಟು: ಅಲ್ಲೊಂದು ಬಂಡೆಗಲ್ಲು ಬಂದು ಬಡೀತು,
ನೆಲ ನೀರಿನಂಗ ಎದ್ದು ಹಂಗಽ ನಿಂತಿತು.
ನಡುವ ಗುಡ್ಡ, ಸುತ್ತ ಕಟ್ಟಿ, ಕಟ್ಟಿ ಒಳಗ ಮೆಟ್ಟಲ ಮೆಟ್ಟಲ ಕುಸಿತ,
ಹೊರಗ ಬೆಳ್ಳನ್ನ ಗೆರಿ, ರಂಗೋಲಿ ಬಟ್ಟಲ ಕೈತಪ್ಪಿದಂಗ.
ಚೆಲ್ಲಿದ್ದರಾಗ ಒಂದು ಚೂರು ಅಲ್ಲಿ ಇಳೀಲೇ ಇಲ್ಲ.

ಮದ್ದು ತುಂಬಿ ನಮ್ಮಪ್ಪ ಮೂರು ಸಲ ಕೂಗತಿದ್ದ:
ಬಾರ ಐತಿ, ಸರೀರಿ! ಬಾರ ಐತಿ!
ಎಮ್ಮಿ ಕಾಯೋರು ಸುದ್ದಾ ಓಡತಿದ್ರು.
ಒಂದ್ಸಲ ಚೂರೊಂದು ಎರಡು ಹೊಲ ದಾಟಿ
ಶಿವಗಂಗವ್ವನ ರೊಟ್ಟಿ ಬುಟ್ಯಾಗ ಬಿತ್ತು, ಇನ್ನಾ ಬಿಸಿ.
ಆಕಿ ಅದನ್ನ ಉಪ್ಪಿನಕಾಯಿ ಭರಣಿ ಮ್ಯಾಲೆ ಹೇರಿಟ್ಟಳು.
ಆ ಖಣಿಯೊಳಗ ಈಗ ಹಸಿರು ನೀರು.

ಅಲ್ಲಿ ಕೂಗಿದವರು ಯಾರು, ಅಂತ ಕೇಳಿದೆ.
ಯಾರೂ ಇಲ್ಲ, ಅಂದಳು. ಗಾಳೀನೂ ಇಲ್ಲ.
ಹಂಗಾದ್ರ ಸಪ್ಪಳ?
ಸಪ್ಪಳಾನೂ.

ಕಲ್ಲು ಸರ್ಕಾರದ್ದು. ಹಾಳಿಯೊಳಗ ಸುತ್ತಿ ನಂಬರ ಬರದು,
ಸಿಕ್ಕ ಜಾಗಾ ತೋರಸು ಅಂದಳು.
ಹೋದ್ವಿ. ಅಲ್ಲೊಂದು ಸಣ್ಣ ಕುಣಿ ಇರಬೇಕಿತ್ತು,
ಎಷ್ಟು ಸಾವಿರ ವರ್ಷ ಅದು ಕುಂತದ್ದೋ ಅಷ್ಟು ಆಳದ್ದು.
ನಾನಽ ಹೊಳ್ಳಿ ಬರುವಾಗ ಸಪಾಟ ಮಾಡಿದ್ದೆ.
ಇಪ್ಪತ್ತೊಂದು ವರ್ಷದ ಕೆಲಸಕ್ಕ ಅವತ್ತೊಂದಿನ ನಾಚಿದೆ.

ರಾತ್ರಿ ಕ್ಯಾಬಿನ್ ಮ್ಯಾಲೆ ಚಂದ್ರ, ಬರೇ ತಗ್ಗು,
ತಗ್ಗಿನೊಳಗ ತಗ್ಗು, ಒಬ್ಬರೂ ತುಂಬಿಲ್ಲ.
ಎಂಥಾ ಹಾದಿ, ಯಾರ ಗುತ್ತಿಗಿ!

ಬ್ಲೇಡಿನ ಅಂಚು ಬಟಾಣಿಯಷ್ಟು ಮುಕ್ಕಾಗೇತಿ.
ಅಲ್ಲಿಂದ ಮುಂದ ಹಾದಿಗುಂಟ ಒಂದ ಗೆರಿ ಏಳತೈತಿ,
ನೂಲಿನಂಗ, ನಲವತ್ತು ಕಿಲೋಮೀಟರು.
ಫೋರ್ಮನ್ ಹಮ್ದಾನ್ ಬಗ್ಗಿ ನೋಡಿ
ಏನಿದು, ಬ್ಲೇಡ್ ಬದಲಿಸು ಅಂದ.
ನಾಳೆ, ಅಂದೆ.