ಒಂದೂಕಾಲು ಇಂಚು

ಕುಡಚಡೆ ಸ್ಟೇಷನ್ ಹಿಂದ ನನ್ನ ಪಾಟಾ ಅಂಗಡಿ.
ಹದಿನೆಂಟು ವರ್ಷ ಅದಿರಿನ ಟಿಪ್ಪರಿಗೆ ಬೆನ್ನು ಕಟ್ಟೀನಿ:
ಹನ್ನೆರಡು ಪಾಟಾ, ಮೈತುಂಬ ಕೆಂಪು ಧೂಳು,
ಹತ್ತು ಟನ್ ಹೇರಿದರೂ ಇನ್ನಾ ಹಾಕ್ರಿ ಅನ್ನುವಂಥ ಕಮಾನು.
ಗಣಿ ನಿಂತವು.
ಅಡಿಗಲ್ಲಿನ ಮ್ಯಾಲೆ ಕೋಳಿ ಮಲಗಾಕ ಹತ್ತಿತು.

ಅಂಥಾದ್ರಾಗ ಬಂತು ಈ ಗಾಡಿ, ಚಾಂದೋರಿನಿಂದ.
ಇಂಗ್ಲೆಂಡಿನ ಹಸಿರು, ಮೂತಿಗೆ ಎಂಟು ಮೂಲಿ ಬಿಲ್ಲೆ,
ತಲಿ ಮ್ಯಾಲೆ ಸೂರಿಲ್ಲ,
ಬಾಗಿಲ ಅಂಚು ನನ್ನ ಸೊಂಟಕ್ಕೂ ಬರೂದಿಲ್ಲ.
ಹಾಲು ಕುಡಿದ ಬೆಕ್ಕು ಕುಂತಂಗ ಹಿಂದ ಕುಸಿದಿತ್ತು.
ಇಳಿದಾಕಿ ಒಲಿಂಡಾ ಬಾಯಿ, ಅರವತ್ತು ದಾಟಿದಾಕಿ.
"ಹಂಪ್ ಬಂದರ ಸೈಲೆನ್ಸರ್ ನೆಲಾ ಗೀಚ್ತದ," ಅಂದ್ಲು.
"ರಾತ್ರಿ ದೀಪ ರಸ್ತಿ ಬಿಟ್ಟು
ತೆಂಗಿನ ಗೊನಿ ಎಣಿಸ್ತಾವು."

ನೆಲ ಸಪಾಟ ಇದ್ದಲ್ಲಿ ನಿಲ್ಲಿಸಿದೆ. ಗಾಳಿ ನೋಡಿದೆ.
ಗಾಲಿಯ ನಡುವಿನಿಂದ ಮಡಗಾರ್ಡಿನ ಅಂಚಿಗೆ ಟೇಪು.
ಎಡಕ್ಕ ಹನ್ನೆರಡೂವರಿ.
ಬಲಕ್ಕ ಹನ್ನೊಂದೂಕಾಲು.

"ಯಾರು ಓಡಿಸ್ತಿದ್ರು ಬಾಯಿ?"
ಅಣ್ಣ ಕಾಯ್ತಾನ್, ನೂರಾ ಹತ್ತು ಕಿಲೋ ಮನಿಷ್ಯಾ.
ನಲವತ್ತು ವರ್ಷ ಒಬ್ಬನ ಕುಂತು ಓಡಿಸ್ಯಾನ,
ಪಕ್ಕದ ಸೀಟಿನ್ಯಾಗ ಮೀನಿನ ಚೀಲನೂ ಇಡಗೊಟ್ಟಿಲ್ಲ.
ಕಣ್ಣಿಗೆ ಪೊರಿ ಬಂದಮ್ಯಾಲೆ ಕೀಲಿ ತಂಗಿಗೆ ಕೊಟ್ಟ.
ಕೊಟ್ಟ ಏನು, ಕಸಗೊಂಡ್ಲು.

ಯೂ ಬೋಲ್ಟಿಗೆ ಎರಡು ದಿನ ಎಣ್ಣಿ ಕುಡಿಸಿದೆ.
ಪಾಟಾ ಬಿಚ್ಚಿ ಹಾಸಿದರ ಆರು, ಟಿಪ್ಪರಿನ ಮುಂದ
ಹಪ್ಪಳ ಇದ್ದಂಗ.
ಚಾಕಿನಿಂದ ನೆಲದ ಮ್ಯಾಲೆ ಬಿಲ್ಲು ಬರದೆ,
ಬರದು, ಕಾಲಿಲೆ ಅಳಿಸಿ, ಮತ್ತ ಬರದೆ.
ಕಾಸಲಿಲ್ಲ. ಅಪ್ಪ ಹೇಳ್ತಿದ್ದ:
ಕಾಸಿದ ಕಬ್ಬಿಣ ಮಾತು ಕೇಳ್ತದ, ನೆನಪಿಡೂದಿಲ್ಲ.
ತಣ್ಣಗಿರೂವಾಗಲ ಬಡಿದೆ, ಬೆರಳಿಗೊಂದು ಏಟು.
ಕೋಳಿ ಓಡಿ ಹೋತು.

ಆದರ ಕೈ ಟಿಪ್ಪರಿನ ಕೈ.
ಏಟು ಹೆಚ್ಚು ಬಿತ್ತು. ಮ್ಯಾಲೆ ಇನ್ನೊಂದು ತಪ್ಪು:
ಗಾಡಿ ಜಾಕಿನ ಮ್ಯಾಲೆ ತೂಗ್ತಿದ್ದಾಗಲ
ಎಲ್ಲಾ ಬೋಲ್ಟೂ ಬಿಗಿದುಬಿಟ್ಟೆ.
ಇಳಿಸಿದರ
ಚೇಳು ಕೊಂಡಿ ಎತ್ತಿದಂಗ ನಿಂತಿತು.
ಸುಭಾಷ ವೆಳಿಪ ನಕ್ಕ ನೋಡ್ರಿ,
ಕೆಲಸಕ್ಕ ಸೇರಿ ಮೂರು ತಿಂಗಳಾಗಿಲ್ಲ, ಹೊಟ್ಟಿ ಹಿಡಕೊಂಡು ನಕ್ಕ.

ರಾತ್ರಿ ನಿದ್ದಿ ಬರಲಿಲ್ಲ.
ಗಾಳಿಯೊಳಗ ಬಿಗಿದ ರಬ್ಬರು
ಗಾಳಿಯೊಳಗಿನ ಎತ್ತರನ ತನ್ನದು ಅಂತ ಹಿಡಕೊಂಡು ಕುಂತೈತಿ,
ನೆಲಕ್ಕ ಬಂದರೂ ಬಿಡವಲ್ದು.
ಟಿಪ್ಪರಿನ್ಯಾಗ ಇದು ತಿಳಿಯೂದಿಲ್ಲ,
ಹತ್ತು ಟನ್ನಿನ ಮುಂದ ರಬ್ಬರಿನ ಹಟ ಎಷ್ಟರದ್ದು?

ಮರುದಿನ ಪ್ರತಿ ಪಾಟಾದ ಬಿಲ್ಲು ಒಂಚೂರು ಇಳಿಸಿದೆ,
ಬೋಲ್ಟು ಸಡಿಲ ಬಿಟ್ಟು ಗಾಡಿ ಗುಂಡಿ ಮ್ಯಾಲೆ ತಂದೆ,
ಹಿಂದ ಕೈಯೂರಿ ನಾಕು ಸಲ ಕುಣಿಸಿದೆ.
"ಬಾಯಿ, ಕುಂಡ್ರಿ."
"ಎಲ್ಲಿ?"
"ಓಡಿಸೋ ಸೀಟಿನ್ಯಾಗ. ನಿಮ್ಮ ಭಾರಕ್ಕ ಬಿಗೀತೀನಿ."
ಆಕಿ ಕುಂತ್ಲು. ಚಕ್ರದ ಮ್ಯಾಲೆ ಕೈ ಇಟ್ಲು.
ಪಕ್ಕದ ಸೀಟು ಒಂದೀಟು ನೋಡಿ
ಸುಭಾಷನ್ನ ಕರೆದ್ಲು.
ಅವ ಎಣ್ಣಿ ಕೈ ಚಡ್ಡಿಗೆ ಒರಸಿಕೊಂಡು
ಗಾಜಿನ ಗಡಿಗ್ಯಾಗ ಇಳಿದಂಗ ಕುಂತ.

ನಾ ಕೆಳಗ, ಪಾನಾ ಹಿಡಕೊಂಡು.
ತಲಿ ಮ್ಯಾಲೆ ಇಬ್ಬರೂ ಬಂಗುಡಿ ರೇಟು ಮಾತಾಡ್ತಿದ್ರು,
ನೂರಕ್ಕ ಐದಂತ, ಸುಳ್ಳಂತ.
ಆ ಮಾತಿನ ತೂಕದಾಗ
ಒಂದೊಂದ ಬೋಲ್ಟು ಬಿಗಿದೆ.

ಎಡಕ್ಕ ಹದಿಮೂರು. ಬಲಕ್ಕ ಹದಿಮೂರಕ್ಕ ಒಂದು ನೂಲು ಕಮ್ಮಿ.
ಆ ನೂಲು ತೆಗಿಯಲಿಲ್ಲ.
ಕಾಯ್ತಾನಂದು ಅಷ್ಟರ ಇರ್ಲಿ.

ಮುಸ್ಸಂಜಿ ಹೊಂಟ್ಲು. ಅಂಗಡಿ ಮುಂದಿನ ಹಂಪಿಗೆ
ನಾ ಕಿವಿ ಕೊಟ್ಟು ನಿಂತೆ. ಏನೂ ಕೇಳಲಿಲ್ಲ.
ದೀಪ ಹಚ್ಚಿದ್ಲು.
ಬೆಳಕು ರಸ್ತಿ ಮ್ಯಾಲೆ ಬಿತ್ತು,
ನಡುವ ಮಲಗಿದ್ದ ನಾಯಿ ಎದ್ದು ಮಗ್ಗಲಕ ಹೋತು.