ಇಪ್ಪತ್ತು

ಬೆಟಗೇರಿಯ ಮಗ್ಗದ ಓಣಿಗೆ ಬೆನ್ನು ಕೊಟ್ಟ
ಎರಡನೇ ಮಾಳಿಗೆಯ ಕ್ಲಾಸು. ಮಧ್ಯಾಹ್ನ ಮೂರು.
ರೊಟ್ಟಿ, ಶೇಂಗಾ ಹಿಂಡಿ ಹೊಟ್ಟೆಗಿಳಿದು
ಇಪ್ಪತ್ತಾರು ಬಿಳಿ ಯೂನಿಫಾರ್ಮು ತೂಕಡಿಸುವ ಹೊತ್ತು.
ಝೆರಾಕ್ಸ್ ಹಾಳೆ ಹಂಚಿದೆ, ಬೆಂಚಿಗೊಂದು.

ರೋಗಿ: ಹೆಂಗಸು. ವಯಸ್ಸು ನಲವತ್ತೆಂಟು.
ಹೊಟ್ಟೆ ಕೊಯ್ದು ಎರಡನೆಯ ರಾತ್ರಿ. ಎಡಕ್ಕೆ ಕಿಟಕಿ.
ಹತ್ತು ಗಂಟೆಗೆ ನಾಡಿ ತೊಂಬತ್ತಾರು,
ಹನ್ನೆರಡಕ್ಕೆ ನೂರಾ ನಾಲ್ಕು, ಎರಡಕ್ಕೆ ನೂರಾ ಹದಿನೆಂಟು.
ಜ್ವರ ಹೇಳಿಕೊಳ್ಳುವಷ್ಟಿಲ್ಲ.
ಉಸಿರು ಇಪ್ಪತ್ತು, ಇಪ್ಪತ್ತು, ಇಪ್ಪತ್ತು.
ರೋಗಿಯ ಮಾತು: "ಯಾಕೋ ಜೀವಕ್ಕ ಸಮಾಧಾನಿಲ್ಲ, ಸಿಸ್ಟರ.
ಒಂಚೂರು ಎಬ್ಬಿಸಿ ಕುಂದ್ರಸ್ರಿ."
ವಾರ್ಡಿನಲ್ಲಿ ಮೂವತ್ತೊಂದು ಮಂಚ. ನೀವೊಬ್ಬರೇ.
ಮೊದಲು ಏನು ಮಾಡುತ್ತೀರಿ?
ಯಾಕೆ?

ಆ ‘ಯಾಕೆ’ಗೇ ನಾನು ಸಂಬಳ ತಿನ್ನುವುದು.

ನೀಲಗಂಗಾ ಎದ್ದಳು: "ಡಾಕ್ಟರಿಗೆ ಫೋನ್ ಹಚ್ತೀನ್ರಿ."
ಹಚ್ಚಿದೆ. ನಿದ್ದೆಗಣ್ಣಲ್ಲಿ ಕೇಳುತ್ತಾರೆ, ಏನಾಗೇತಿ? ಏನಂತಿ?
ಹುಡುಗಿ ಹಾಳೆ ನೋಡಿದಳು, ಫ್ಯಾನ್ ನೋಡಿದಳು, ಕೂತಳು.
ರೋಣದ ಗವಿಸಿದ್ದ, ಕ್ಲಾಸಿನ ಮೂರೇ ಗಂಡುಹುಡುಗರಲ್ಲಿ ಒಬ್ಬ:
"ನೋವಿಗೆ ಇರಬೇಕ್ರಿ. ಅದಕ್ಕ ನಾಡಿ ಏರೇತಿ."
ಇರಬೇಕು. ಈ ‘ಇರಬೇಕು’ವಿನ ಮೇಲೆ
ಎಷ್ಟು ಜನ ಮಲಗಿದ್ದಾರೆಂದು ಅವನಿಗೆ ಹೇಳಲಿಲ್ಲ.
ಬೋರ್ಡಿನ ಮೇಲೆ ಬರೆದೆ. ತಪ್ಪು ಅನ್ನಲಿಲ್ಲ.
ತಪ್ಪೂ ಮೆಟ್ಟಿಲು ಹತ್ತಿಯೇ ಬರುತ್ತದೆ,
ಅದು ತುಳಿದ ಮೆಟ್ಟಿಲು ನೋಡಬೇಕು.

ಆಮೇಲೆ ಹಿಂದಿನ ಬೆಂಚಿನಿಂದ ಮೆಹರುನ್ನಿಸಾ ನದಾಫ,
ಲಕ್ಷ್ಮೇಶ್ವರದ ಗಾದಿ ಹೊಲಿಯುವವರ ಮಗಳು,
ವರ್ಷಕ್ಕೆರಡು ಸಲ ಬಾಯಿ ತೆರೆಯುವವಳು:

"ನಾಡಿ ಏರ್ಕೋತ ಹೊಂಟೇತ್ರಿ ಮೇಡಂ,
ಉಸಿರು ಮಾತ್ರ ಮೂರೂ ಸಲ ಇಪ್ಪತ್ತ.
ಎಬ್ಬಿಸಿ ಕುಂದ್ರಸು ಅಂತಾಳ ಆಕಿ.
ಈ ಇಪ್ಪತ್ತನ್ನ ಎಣಿಸಿದವರು ಯಾರ್ರಿ?"

ಹೊರಗೆ ಮಗ್ಗ ನಿಂತಿತು. ಕರೆಂಟು ಹೋಗಿತ್ತು, ಅಷ್ಟೇ.

ಹನ್ನೊಂದು ವರ್ಷದಿಂದ ಈ ಹಾಳೆ ಹಂಚುತ್ತಿದ್ದೇನೆ.
ಆಕೆಯ ಹೆಸರು ತೆಗೆದೆ, ಊರು ತೆಗೆದೆ,
ವಯಸ್ಸಿಗೆ ಮೂರು ಕೂಡಿಸಿದೆ,
ಹುಬ್ಬಳ್ಳಿಯ ಆ ವಾರ್ಡಿಗೆ ಇಲ್ಲದ ಕಿಟಕಿ ಇಟ್ಟೆ.
ಇಪ್ಪತ್ತನ್ನು ಮಾತ್ರ ಇದ್ದಂತೆಯೇ ಬಿಟ್ಟೆ.
ಮಂಚದ ತನಕ ಹೋಗದೆ, ಮೇಜಿಗೆ ಕೂತು,
ಮೂವತ್ತೊಂದು ಚಾರ್ಟಿಗೆ
ಒಂದೇ ಉಸಿರಿನಲ್ಲಿ ಬರೆದ ಇಪ್ಪತ್ತು.

"ಯಾರೂ ಎಣಿಸಿಲ್ಲ," ಎಂದೆ. ಆಮೇಲೆ,
"ಬರೆದವಳು ನಾನು."

ಮುಂದ ಏನಾತ್ರಿ ಆಕಿಗೆ, ಎಂದು ಯಾರೋ ಕೇಳಿದರು.
ಮೆಹರುನ್ನಿಸಾ ಕೇಳಲಿಲ್ಲ. ಹಾಳೆ ಮಡಚುತ್ತಿದ್ದಳು,
ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿಸಿ.

ಜೋಡಿ ಜೋಡಿ ಕೂಡಿರಿ. ನಾಡಿ ಹಿಡಿದಂತೆ ಮಾಡಿ
ಎದೆ ನೋಡಿರಿ. ಎಣಿಸುತ್ತೇನೆಂದು ಹೇಳಬೇಡಿರಿ,
ಹೇಳಿದರೆ ಉಸಿರು ಶಿಸ್ತಾಗಿ ಕೂತುಬಿಡುತ್ತದೆ,
ಇನ್‌ಸ್ಪೆಕ್ಷನ್ನಿನ ದಿನದ ನಮ್ಮ ಸ್ಕೂಲಿನ ಹಾಗೆ.
(ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಿದ್ದೆ. ಇರಲಿ.)
ಪೂರಾ ಒಂದು ನಿಮಿಷ.
ಅರ್ಧಕ್ಕೆ ನಿಲ್ಲಿಸಿ ಎರಡರಿಂದ ಗುಣಿಸುವಂತಿಲ್ಲ.

ಹದಿನಾಲ್ಕು. ಹದಿನೇಳು.
ತಡವಾಗಿ ಮೆಟ್ಟಿಲು ಓಡಿ ಬಂದವಳಿಗೆ ಇಪ್ಪತ್ಮೂರು.
ಗವಿಸಿದ್ದ ನಕ್ಕು ಎಣಿಕೆ ತಪ್ಪಿ ಮೊದಲಿಂದ.
ನೀಲಗಂಗಾ ಎದ್ದು, ಹೆದರಿದಂತೆ: "ಇಪ್ಪತ್ತು ಬಂತ್ರಿ."

ಮತ್ತೊಮ್ಮೆ ಎಣಿಸು ಎಂದೆ.
ಎಣಿಸಿದಳು, ತುಟಿ ಅಲುಗಿಸುತ್ತ,
ಗೆಳತಿಯ ಎದೆಯಿಂದ ಕಣ್ಣು ಕೀಳದೆ.

"ಇಪ್ಪತ್ತ ಐತ್ರಿ, ಮೇಡಂ."

ಬರಿ, ಎಂದೆ.