ತಾಮ್ರದ ಕೊಳವೆ

ನ್ಯೂಫೌಂಡ್‌ಲ್ಯಾಂಡಿನ ತುದಿ, ಅಂಗೈಯಗಲದ ಊರು.
ಮಕ್ಕಳನ್ನು ಎಣಿಸಿದರೆ ನಲವತ್ತೊಂದು.
ಶಾಲೆ ಮೂರು:
ಕೆಥೊಲಿಕರದೊಂದು,
ಆಂಗ್ಲಿಕನರೂ ಯುನೈಟೆಡ್‌ನವರೂ ಕೂಡಿ ನಡೆಸುವುದೊಂದು,
ದಿಬ್ಬದಾಚೆ ಪೆಂಟೆಕೋಸ್ತರದು, ಹನ್ನೊಂದೇ ಮಕ್ಕಳದ್ದು.
ಮೂರಕ್ಕೂ ಚಳಿ ಒಂದೇ.
ಮೂರಕ್ಕೂ ಎಣ್ಣೆ ತುಂಬುವವನು ನಾನೇ, ಹೆಡ್ಲಿ ಪಿಂಚರ್ಡ್.
ಟ್ಯಾಂಕರ್ ನಿಲ್ಲಿಸಿ, ಪೈಪು ಎಳೆದು, ಮೀಟರ್ ನೋಡಿ
ಬಿಲ್ಲು ಬರೆಯುತ್ತಿದ್ದೆ ಮೂರು;
ವಿಳಾಸ ಒಂದು, ಸರ್ಕಾರದ್ದು.

ಹದಿನೆಂಟು ಚಳಿಗಾಲ ಯಾರಿಗೂ ಹೇಳದ ಮಾತೊಂದಿತ್ತು:
ಕೆಥೊಲಿಕ್ ಶಾಲೆಯ ಟ್ಯಾಂಕಿನ ತಳದಿಂದ
ಕಿರುಬೆರಳಿನಷ್ಟು ಸಪೂರ ತಾಮ್ರದ ಕೊಳವೆ
ಗೋಡೆಯಡಿ ನುಸುಳಿ, ಹಿಮದಡಿ ಹರಿದು
ಪಾದ್ರಿಯ ಮನೆಯೊಲೆ ಸೇರುತ್ತಿತ್ತು.
ನನಗಿಂತ ಹಿಂದಿನವರ ಕೆಲಸ. ಬೆಸುಗೆ ಅಚ್ಚುಕಟ್ಟು.
ನಮ್ಮ ಆಂಗ್ಲಿಕನರ ನೆಲದಡಿ ಏನಿತ್ತೋ,
ಬಗ್ಗಿ ನೋಡಲಿಲ್ಲ. ಅಲ್ಲಿ ಜ್ಞಾನಸ್ನಾನ ಆದವನು ನಾನು.

ತೊಂಬತ್ತೇಳರಲ್ಲಿ ಜನರನ್ನು ಕೇಳಿದರು:
ಹೀಗೇ ಇರಲೋ, ಎಲ್ಲರಿಗೂ ಒಂದೇ ಸಾಕೋ?
ಒಂದೇ ಸಾಕು ಅಂತ ಗುರುತು ಹಾಕಿ ಬಂದೆ.
ಫಿಲೊಮಿನಾ ಬೇಡ ಅಂತ.
ಮೂರು ವಾರ ಮೇಜಿನ ಮೇಲೆ ಉಪ್ಪು ಕೇಳಿದರೂ ಉತ್ತರವಿಲ್ಲ.
ಕೊನೆಗೊಂದು ರಾತ್ರಿ, ಆಲೂಗಡ್ಡೆ ಸುಲಿಯುತ್ತ:
"ನಿನ್ನ ಸರ್ಕಾರ ಇಲ್ಲಿಗೆ ರಸ್ತೆ ತಂದದ್ದು ಅರವತ್ತಾರರಲ್ಲಿ.
ಸಿಸ್ಟರ್ ಪರ್ಪೆಚುವಾ ಬಂದದ್ದು ನಲವತ್ತರಲ್ಲಿ, ದೋಣಿಯಲ್ಲಿ,
ಮಡಿಲಲ್ಲಿ ಸ್ಲೇಟಿನ ಕಟ್ಟು, ದಾರಿಯುದ್ದಕ್ಕೂ ವಾಂತಿ.
ನಮ್ಮಮ್ಮನಿಗೆ ಅವಳ ಹೆಸರು ಬರೆಯೋದು ಕಲಿಸಿದ್ದು ಯಾರು?"
ನನ್ನ ಹತ್ತಿರ ಉತ್ತರ ಇರಲಿಲ್ಲ.
ಈಗಲೂ ಇಲ್ಲ.

ಒಂದೇ ಸಾಕು ಅಂದವರು ಗೆದ್ದರು.
ಮುಂದಿನ ಸೆಪ್ಟೆಂಬರ್, ಮೊದಲ ದಿನ,
ಒಂದು ಅಂಗಳದಲ್ಲಿ ಮೂರು ಗುಂಪು;
ಹಿಮ ಬೀಳುವ ಹೊತ್ತಿಗೆ
ಯಾರ ಉಂಡೆ ಯಾರ ಬೆನ್ನಿಗೋ.

ಮುಚ್ಚಿದ ಶಾಲೆಯ ಹಿಂದೆ ಗರಗಸ ಹಿಡಿದು ಕೂತೆ.
ಫಾದರ್ ಡರ್ಮಟ್ ಕೋಟು ಹೊದ್ದು ಹೊರಬಂದರು,
ಕೊಳವೆ ನೋಡಿದರು, ನನ್ನ ಮುಖ ನೋಡಿದರು.
"ನಿನಗೆ ಗೊತ್ತಿತ್ತಾ, ಹೆಡ್ಲಿ?"
"ನಿಮಗೆ?"
ಇಬ್ಬರೂ ಕಡಲ ಕಡೆ ತಿರುಗಿದೆವು.
ತಾಮ್ರ ಮೆತ್ತಗೆ, ಬೇಗ ತುಂಡಾಯಿತು.
ಹಿಮದ ಮೇಲೆ ನಾಲ್ಕು ಹನಿ,
ಯಾರ ಲೆಕ್ಕಕ್ಕೂ ಸೇರದವು.

ಹೊಸ ಡ್ರಮ್ಮು ಇಟ್ಟು, ತುಂಬಿಸಿ, ಬಿಲ್ಲು ಬರೆದೆ,
ಮೊದಲ ಸಲ ಇಗರ್ಜಿಯ ಹೆಸರಿಗೆ.

ಭಾನುವಾರ ಫಿಲೊಮಿನಾ ಚಿಲ್ಲರೆಗೆ ತಡಕಾಡುತ್ತಿದ್ದಳು.
ಜೇಬಿನಿಂದ ಇಪ್ಪತ್ತರ ನೋಟು ತೆಗೆದು, "ಎಣ್ಣೆಗೆ" ಅಂದೆ.
ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು,
ತಿರುಗಿಸಿ ಹಿಡಿದಳು:
"ಇದು ಸರ್ಕಾರದ್ದಲ್ಲ ತಾನೆ?"